ಹೊಸ ಅಕ್ಕಿಯ ಊಟಕ್ಕೆ ಹೆದರಿದ ಮೋಕ್ಷಿತಾ

ಪದ್ಮಾಕ್ಷಿಯ ಮನೆಯ ದನ ಆ ಸಂಜೆ ಅಕ್ಕಚ್ಚು ಕುಡಿಯಲಿಲ್ಲ. ಎಲ್ಲ ಬೆಳಕಿಗೆ ಬಂದದ್ದು ಹಾಗೆ.

ಅಕ್ಕಚ್ಚು ಗೊತ್ತಲ್ಲ? ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ ಎಲ್ಲ ಒಟ್ಟು ಮಾಡಿ ದನಕ್ಕೆ ಇಡುವ ಬಾಲ್ದಿ. ಆ ಬಾಲ್ದಿ ಕಂಡರೆ ಹಗ್ಗ ಜಗ್ಗಿಕೊಂಡು ಬರುವ ದನ ಅಂದು ಒಮ್ಮೆ ಮೂಸಿ, ಬುಸ್ ಎಂದು ಮೂತಿ ತಿರುಗಿಸಿತು. ಏನಪ್ಪಾ ಇದು ಎಂದು ಪದ್ಮಾಕ್ಷಿ ಬಾಲ್ದಿಗೆ ಕೈ ಹಾಕಿದಳು. ಅಡಿಯಲ್ಲಿ ಅನ್ನ ಇತ್ತು. ಅನ್ನದೊಟ್ಟಿಗೆ ಬಂಗುಡೆ ಸಾರು. ಮಧ್ಯಾಹ್ನ ಮಗಳ ಬಟ್ಟಲಿಗೆ ತಾನೇ ಬಡಿಸಿದ ಮೀನಿನ ತುಂಡು ಒಂದು ಚೂರೂ ಮುರಿಯದೆ ಅಲ್ಲಿ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಅವಳು ನನ್ನ ಮಿಲ್ಲಿಗೆ ಬಂದಳು. ನಾನು ಶಶಿಪ್ರಭಾ, ಶಿರ್ತಾಡಿ ಪೇಟೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುವವಳು. ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ. ನಯವಾಗಿ ಹೇಳಲು ನನಗೆ ಬರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

"ಶಶಿಯಕ್ಕ, ಮಿಲ್ಲು ಒಂದು ಗಳಿಗೆ ನಿಲ್ಲಿಸ್ತೀರಾ?" ಎಂದಳು.

"ಎಂಥ ಮಾರಾಯ್ತಿ? ಮುಖ ಯಾಕೆ ಹೀಗೆ?"

"ಮೋಕ್ಷಿತಾ ಊಟ ಚೆಲ್ತಾಳೆ. ನನಗೆ ಗೊತ್ತಾಗದ ಹಾಗೆ ಚೆಲ್ತಾಳೆ. ಎಂಥ ಮಾಡ್ಲಿ ಶಶಿಯಕ್ಕ?"

ಮೋಕ್ಷಿತಾ ಅವಳ ಒಬ್ಬಳೇ ಮಗಳು. ಮೆಲ್ಕಾರಿನ ಕಡೆ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ದಸರಾ ರಜೆಗೆ ಮನೆಗೆ ಬಂದಿದ್ದಳು. ಪೇಟೆಯಲ್ಲಿ ಬಸ್ಸಿಳಿದಾಗ ನಾನೂ ನೋಡಿದ್ದೆ. ಆ ಸೆಕೆಯಲ್ಲಿ ಹುಡುಗಿ ಸ್ವೆಟರ್ ಹಾಕಿಕೊಂಡಿದ್ದಳು. ಜ್ವರವೋ ಏನೋ ಎಂದುಕೊಂಡು ಸುಮ್ಮನಾಗಿದ್ದೆ.

"ಚಳಿ ಅಂತಾಳೆ. ಕೈ ಮುಟ್ಟಿದ್ರೆ ತಣ್ಣಗೆ. ತಲೆ ಬಾಚಿದ್ರೆ ಕೂದಲು ಕೈಗೆ ಬರ್ತದೆ. ಅಡುಗೆ ಮಾಡ್ಲಿಕ್ಕೆ ಬರ್ತಾಳೆ, ಎಲ್ಲರಿಗೂ ಬಡಿಸ್ತಾಳೆ. ತಾನು ಮಾತ್ರ ಆಮೇಲೆ ಅಂತಾಳೆ. ಆ ಆಮೇಲೆ ಬರುವುದೇ ಇಲ್ಲ. ನಿನ್ನೆ ಹೇಳ್ತಾಳೆ, ಅಮ್ಮ, ಪುದ್ವಾರಿಗೆ ನಾನು ಇರುವುದಿಲ್ಲ, ಹಾಸ್ಟೆಲಿಗೆ ವಾಪಸು ಹೋಗ್ತೇನೆ ಅಂತ."

ಪುದ್ವಾರ್ ಅಂದರೆ ಹೊಸ ಅಕ್ಕಿಯ ಊಟ. ಗದ್ದೆಯ ಹೊಸ ಬೆಳೆ ಮೊದಲ ಸಲ ಅನ್ನವಾಗಿ ಎಲೆಗೆ ಬರುವ ದಿನ. ಹೊರಗಿದ್ದವರೆಲ್ಲ ಅಂದು ಮನೆ ಸೇರಬೇಕು, ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಬಡಿಸುವವರ ಕೈ ನಿಲ್ಲುವುದಿಲ್ಲ. ಬೇಡ ಎಂದು ಕೈ ಅಡ್ಡ ಹಿಡಿದವರ ಎಲೆಗೇ ಇನ್ನೆರಡು ಸೌಟು ಬೀಳುತ್ತದೆ. ಆ ಹುಡುಗಿ ಸಣ್ಣವಳಿದ್ದಾಗ ಪಾಯಸದ ಪಾತ್ರೆಯ ಹಿಂದೆಯೇ ಓಡುತ್ತಿದ್ದವಳು. ಈಗ ಊಟಕ್ಕೆ ಹೆದರಿ ಮನೆಯಿಂದಲೇ ಓಡಲು ಹೊರಟಿದ್ದಾಳೆ ಎಂದರೆ ಇದು ಬರೀ ಮುನಿಸಲ್ಲ ಎನಿಸಿತು.

"ರುಕಿಯಾಳಿಗೆ ಹೇಳಿದೆಯಾ?" ಎಂದು ಕೇಳಿದೆ.

ರುಕಿಯಾ ಪದ್ಮಾಕ್ಷಿಯ ಶಾಲೆಯ ಗೆಳತಿ, ಒಂದೇ ಬೆಂಚಿನವರು. ಈಗ ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಹದಿಹರೆಯದ ಮಕ್ಕಳಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ಕೌನ್ಸಿಲರ್. ಮಕ್ಕಳೊಟ್ಟಿಗೆ ಕೂತು ಮಾತಾಡುವುದೇ ಅವಳ ಕೆಲಸ.

"ಹೇಳುವ ಅಂದೆ ಶಶಿಯಕ್ಕ. ಮಾವ ಬಿಡುವುದಿಲ್ಲ," ಎಂದಳು ಪದ್ಮಾಕ್ಷಿ.

ಮಾವ ಎಂದರೆ ಗಂಡನ ಅಪ್ಪ, ಡೊಂಬಯ್ಯಜ್ಜ. ಒಳ್ಳೆಯ ಮನುಷ್ಯ, ಆದರೆ ಹಠ ಹಿಡಿದರೆ ಮುಗಿಯಿತು. ಸಂಜೆ ಹಿಟ್ಟು ಕೊಡುವ ನೆಪದಲ್ಲಿ ನಾನೇ ಅವರ ಮನೆಗೆ ಹೋದೆ. ಅಜ್ಜ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಉಪ್ಪು, ಒಣಮೆಣಸು ಇತ್ತು. ಮೊಮ್ಮಗಳಿಗೆ ದೃಷ್ಟಿ ತೆಗೆದು ಮುಗಿಸಿದ್ದರು.

"ಕಣ್ಣು ತಾಗಿದ್ದು ಶಶಿಪ್ರಭಾ, ಬೇರೆ ಎಂಥದೂ ಅಲ್ಲ," ಎಂದರು. "ಮೆಣಸು ಒಲೆಗೆ ಹಾಕಿದ್ರೆ ಘಾಟೇ ಬರಲಿಲ್ಲ ನೋಡು."

ಪದ್ಮಾಕ್ಷಿಯ ಗಂಡ ವಸಂತ ಆಗಷ್ಟೇ ಟೆಂಪೋ ನಿಲ್ಲಿಸಿ ಬಂದಿದ್ದ. "ಕಣ್ಣೂ ಇಲ್ಲ, ಮೂಗೂ ಇಲ್ಲ. ಆ ಮೊಬೈಲು ತೆಗೆದಿಡಿ, ನಾಳೆಯಿಂದ ಚೆಂದ ಊಟ ಮಾಡ್ತಾಳೆ," ಎಂದ.

"ಒಮ್ಮೆ ರುಕಿಯಾಳ ಹತ್ತಿರ ಕರ್ಕೊಂಡು ಹೋಗುವ," ಎಂದೆ ನಾನು.

ಅಜ್ಜ ಸಿಡಿದರು. "ಎಂಥ ಹೇಳ್ತಿ ನೀನು? ಮರ್ಲಿನವರನ್ನು ಕರ್ಕೊಂಡು ಹೋಗುವಲ್ಲಿಗೆ ನನ್ನ ಪುಳ್ಳಿಯನ್ನು ಕಳಿಸುವುದಾ? ಅನ್ನ ಉಣ್ಲಿಕ್ಕೆ ಡಾಕ್ಟ್ರು ಚೀಟಿ ಬರೆದು ಕೊಡ್ಬೇಕಾ? ನಾನು ತಿನ್ನಿಸ್ತೇನೆ ನೋಡು!"

ಪುಳ್ಳಿ ಅಂದರೆ ಮೊಮ್ಮಗಳು, ಮರ್ಲು ಅಂದರೆ ಹುಚ್ಚು. ಮರ್ಲು ಎನ್ನುವ ಆ ಒಂದು ಮಾತಿಗೆ ಹೆದರಿ ನಮ್ಮೂರಲ್ಲಿ ಎಷ್ಟು ಮನೆಯವರು ಕಾಯಿಲೆಯನ್ನು ಒಳಗೆ ಮುಚ್ಚಿಟ್ಟುಕೊಂಡಿದ್ದಾರೋ, ದೇವರಿಗೇ ಗೊತ್ತು.

ಅಜ್ಜ ಹೇಳಿದ್ದನ್ನು ಮಾಡಿಯೇ ಬಿಟ್ಟರು. ಮೋಕ್ಷಿತಾಳನ್ನು ಕರೆದು ಮಣೆಯ ಮೇಲೆ ಕೂರಿಸಿದರು. ತಾವೇ ಸೌಟು ಹಿಡಿದು ಬಡಿಸಿದರು. ಎದುರಿಗೆ ಕೂತು "ಉಣ್ಣು" ಎಂದರು. ಹುಡುಗಿ ಒಂದು ತುತ್ತು ಬಾಯಿಗಿಟ್ಟಳು. ಅಜ್ಜ ಮತ್ತೆ "ಉಣ್ಣು" ಎಂದರು. ಅವಳ ಕಣ್ಣು ಬಟ್ಟಲಿನಲ್ಲೇ ನೆಟ್ಟಿತ್ತು. ನಾಯಿ ಅಟ್ಟಿಸಿಕೊಂಡು ಬಂದಾಗ ಮುಖ ಹೇಗಿರುತ್ತದೆ, ಹಾಗಿತ್ತು ಅವಳ ಮುಖ. ಎದುರಲ್ಲಿ ಇದ್ದದ್ದು ನಾಯಿಯಲ್ಲ, ಅನ್ನ ಮತ್ತು ಬಸಳೆ ಸಾರು. ನನಗೆ ನೋಡಲು ಆಗದೆ ಹೊರಗೆ ಬಂದೆ.

ಬಟ್ಟಲು ಖಾಲಿಯಾಯಿತು. "ನೋಡಿದೆಯಾ?" ಎಂದು ಅಜ್ಜ ಗೆದ್ದವರಂತೆ ಮೀಸೆ ಒರೆಸಿದರು. ಅಷ್ಟರಲ್ಲಿ ಹಿಂದುಗಡೆ ಬಚ್ಚಲಿನ ಬಾಗಿಲು ಹಾಕಿಕೊಂಡ ಸದ್ದು. ನಲ್ಲಿ ನೀರು ಜೋರಾಗಿ ಬೀಳುವ ಸದ್ದು. ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದು, ವಾಂತಿಯದು. ಪದ್ಮಾಕ್ಷಿ ಓಡಿ ಹೋಗಿ ಬಾಗಿಲಿಗೆ ಕೈ ಇಟ್ಟು ನಿಂತಳು.

"ಮಗಾ, ಬಾಗಿಲು ತೆಗಿ. ಮೋಕ್ಷಿ, ನಾನು ಬೈಯುವುದಿಲ್ಲ. ಬಾಗಿಲು ತೆಗಿ ಮಗಾ."

ನೀರು ಮಾತ್ರ ಬೀಳುತ್ತಲೇ ಇತ್ತು. ಅಂದು ಪದ್ಮಾಕ್ಷಿಯ ಮುಖದಲ್ಲಿ ಕಂಡ ಹೆದರಿಕೆ ನನಗೆ ಈಗಲೂ ನೆನಪಾಗುತ್ತದೆ. ಕಳ್ಳ ಬಂದರೆ ಕೂಗಬಹುದು, ಹಾವು ಬಂದರೆ ಕೋಲು ಹಿಡಿಯಬಹುದು. ಮಗಳು ತನ್ನ ಹೊಟ್ಟೆಗೇ ಹೆದರಿದರೆ ತಾಯಿ ಯಾರ ಮೇಲೆ ಕೋಲು ಎತ್ತಬೇಕು ಹೇಳಿ?

ಪುದ್ವಾರಿನ ದಿನ ಹತ್ತಿರ ಬಂತು. ಹಾಸ್ಟೆಲಿಗೆ ಹೋಗುತ್ತೇನೆ ಎಂದವಳನ್ನು ಮನೆಯವರು ಬಿಡಲಿಲ್ಲ. ಮನೆಗೆ ಅತ್ತೆ, ಮಾವ, ಮಕ್ಕಳು ಎಲ್ಲ ಬರಬೇಕು ಎಂದು ಅಜ್ಜ ಫೋನು ಮಾಡಿ ಹೇಳಿಯಾಗಿತ್ತು. ಒಂದೊಂದು ಫೋನು ಹೋದಾಗಲೂ ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳಂತೆ.

ಒಂದು ಬೆಳಿಗ್ಗೆ ತಿಂಡಿಗೆಂದು ಅಕ್ಕಿ ಪುಡಿ ಮಾಡಿಸಲು ಮೋಕ್ಷಿತಾಳನ್ನೇ ಮಿಲ್ಲಿಗೆ ಕಳಿಸಿದರು. ಚೀಲ ದೊಡ್ಡದೇನಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅವಳು ಗೋಡೆ ಹಿಡಿದುಕೊಂಡಳು.

"ಕೂತ್ಕೋ ಮಗಾ. ಚಾ ಕುಡಿತೀಯಾ?" ಎಂದೆ.

"ಬೇಡ ಶಶಿ ಆಂಟಿ. ನಾನು ಈಗಷ್ಟೇ..." ಎಂದಳು. ಮಾತು ಪೂರ್ತಿಯಾಗಲಿಲ್ಲ. ಕಣ್ಣು ಮೇಲಾಯಿತು. ಅಕ್ಕಿಯ ಚೀಲದ ಮೇಲೆಯೇ ಕುಸಿದಳು.

ಅಯ್ಯೋ ದೇವರೇ, ನಾನು ಕಿರುಚಿದ್ದು ಮಿಲ್ಲಿನ ಸದ್ದನ್ನೂ ದಾಟಿ ಪೇಟೆಗೆಲ್ಲ ಕೇಳಿತಂತೆ. ಎತ್ತಿ ಹಿಡಿದುಕೊಂಡೆ. ಸ್ವೆಟರಿನ ಒಳಗೆ ಹುಡುಗಿ ಇದ್ದಾಳೋ ಇಲ್ಲವೋ ಎನ್ನುವಷ್ಟು ಹಗುರ. ತುಟಿ ನೀಲಿಯಾಗಿತ್ತು. ಮುಖಕ್ಕೆ ನೀರು ಹೊಡೆದೆ, ಏಳಲಿಲ್ಲ. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಬರುತ್ತಿದೆಯೋ, ನನ್ನ ಬೆರಳೇ ನಡುಗುತ್ತಿದೆಯೋ ಗೊತ್ತಾಗಲಿಲ್ಲ. ಸತ್ತಳು ಎಂದೇ ನಾನು ತಿಳಿದೆ, ಸುಳ್ಳು ಯಾಕೆ ಹೇಳಲಿ.

ರಿಕ್ಷಾದ ಶಾಫಿ ಓಡಿ ಬಂದ. ದಾರಿಯಲ್ಲಿ ಪದ್ಮಾಕ್ಷಿಯನ್ನೂ ಹತ್ತಿಸಿಕೊಂಡೆವು. ಮೂಡುಬಿದಿರೆ ಮುಟ್ಟುವವರೆಗೆ ಅವಳು ಮಗಳ ಪಾದ ಉಜ್ಜುತ್ತಲೇ ಇದ್ದಳು. "ಕಣ್ಣು ಬಿಡು ಮಗಾ, ನಾನು ಇನ್ನು ತಿನ್ನು ಅಂತ ಹೇಳುವುದಿಲ್ಲ, ಕಣ್ಣು ಬಿಡು," ಎಂದು ಒಂದೇ ಸಮನೆ ಹೇಳುತ್ತಿದ್ದಳು. ಶಾಫಿ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿದರು. ಎದೆಗೆ ವಯರು ಹಚ್ಚಿ ಪರೀಕ್ಷೆ ಮಾಡಿದರು. ಅಷ್ಟರಲ್ಲಿ ವಸಂತ, ಅಜ್ಜ ಇಬ್ಬರೂ ಬಂದಿದ್ದರು. ಹುಡುಗಿ ಕಣ್ಣು ಬಿಟ್ಟಿದ್ದಳು.

"ಎರಡು ಬಾಟ್ಲಿ ಗ್ಲೂಕೋಸು ಹಾಕಿದ್ರೆ ಸರಿಯಾಗ್ತದಲ್ಲ ಡಾಕ್ಟ್ರೇ?" ಎಂದು ವಸಂತ ಕೇಳಿದ.

ಡಾಕ್ಟರು ಅವನ ಮುಖ ನೋಡಿದರು. "ಇವಳ ನಾಡಿ ತುಂಬ ನಿಧಾನ ಉಂಟು. ರಕ್ತದಲ್ಲಿ ಇರಬೇಕಾದ ಲವಣ ಇಳಿದು ಹೋಗಿದೆ. ಹೀಗೇ ಬಿಟ್ಟಿದ್ರೆ ಹೃದಯ ನಿಂತು ಹೋಗುವ ಅಪಾಯ ಇತ್ತು. ಇದು ಸುಸ್ತಲ್ಲ, ಕಾಯಿಲೆ. ಮತ್ತೊಂದು ಮಾತು, ಬಲವಂತವಾಗಿ ಒಮ್ಮೆಗೇ ತುಂಬ ತಿನ್ನಿಸಬೇಡಿ. ಇಷ್ಟು ಸಮಯ ಸರಿಯಾಗಿ ಉಣ್ಣದವರಿಗೆ ಅದೂ ಅಪಾಯ. ನಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಕೊಡ್ಬೇಕು."

ಡೊಂಬಯ್ಯಜ್ಜ ಬೆಂಚಿನ ಮೇಲೆ ಕೂತುಬಿಟ್ಟರು.

ಆಗ ರುಕಿಯಾ ಬಂದಳು. ಗೆಳತಿಯನ್ನು ಅಪ್ಪಿ ಹಿಡಿದು, ಮೊದಲು ಮೋಕ್ಷಿತಾಳ ಹತ್ತಿರ ಒಬ್ಬಳೇ ಹೋಗಿ ಕೂತಳು. ಪರದೆ ಎಳೆದುಕೊಂಡಳು. ತುಂಬ ಹೊತ್ತು ಹೊರಗೆ ಬರಲಿಲ್ಲ. ಒಮ್ಮೆ ಒಳಗಿನಿಂದ ಅಳು ಕೇಳಿಸಿತು. ಪದ್ಮಾಕ್ಷಿ ಎದ್ದಳು, ನಾನು ಸೆರಗು ಹಿಡಿದು ಕೂರಿಸಿದೆ.

ಹೊರಗೆ ಬಂದ ರುಕಿಯಾ ಹೇಳಿದಳು, "ಅವಳು ಒಪ್ಪಿದ್ದನ್ನು ಮಾತ್ರ ನಿಮಗೆ ಹೇಳ್ತೇನೆ. ಯಾರೂ ನಡುವೆ ಬಾಯಿ ಹಾಕ್ಬೇಡಿ."

ನಾವು ತಲೆಯಾಡಿಸಿದೆವು.

"ಹಾಸ್ಟೆಲಿನಲ್ಲಿ ಕೆಲವು ಹುಡುಗಿಯರು ಇವಳಿಗೆ ಹೆಸರಿಟ್ಟಿದ್ದರಂತೆ, ತೋರಕ್ಕ ಅಂತ."

ತೋರ ಎಂದರೆ ದಪ್ಪ. ನಮ್ಮ ಕಡೆ ಬಾಯಿ ತುಂಬ ಹೇಳುವ ಮಾತು.

"ಅಷ್ಟಕ್ಕೇ?" ಎಂದ ವಸಂತ.

"ನಡುವೆ ಬಾಯಿ ಹಾಕ್ಬೇಡಿ ಅಂದೆ. ಅಷ್ಟಕ್ಕೇ ಅಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬರುವಾಗ ಇವಳು ತುಂಬ ಖುಷಿಯಲ್ಲಿ ಬಂದಿದ್ದಾಳೆ. ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ ಅಂತ. ಬಾಗಿಲಲ್ಲಿ ಅಜ್ಜ ನಿಂತಿದ್ದರು. ಅವರು ದೊಡ್ಡದಾಗಿ, ಓ, ನನ್ನ ಪುಳ್ಳಿ ತೋರ ಆಗಿ ಬಂದಿದ್ದಾಳೆ ಅಂತ ಹೇಳಿದ್ರಂತೆ. ಮದುವೆಗೆ ಹೋದಲ್ಲೂ ಹತ್ತು ಜನ ಅದನ್ನೇ ಹೇಳಿದ್ರಂತೆ. ಅವಳು ನನ್ನ ಹತ್ತಿರ ಹೇಳಿದ ಮಾತು ಇದು. 'ಹಾಸ್ಟೆಲಿನವರು ಹೇಳಿದ್ದು ಸುಳ್ಳು ಅಂತ ತಿಳ್ಕೊಂಡಿದ್ದೆ ಆಂಟಿ. ಅಜ್ಜನೂ ಹೇಳಿದ ಮೇಲೆ ನಿಜ ಅಂತ ಆಯ್ತು.'"

ಅಜ್ಜ ತಲೆ ಎತ್ತಿದರು. "ತೋರ ಅಂದ್ರೆ ಬೈಗುಳವಾ ಮಗಳೇ? ನಾನು ಸಣ್ಣವನಿರುವಾಗ ಆಟಿ ತಿಂಗಳ ಮಳೆಗೆ ಮನೆಯಲ್ಲಿ ಅಕ್ಕಿ ಮುಗಿದು ಹಲಸಿನ ಬೀಜ ಬೇಯಿಸಿ ತಿಂದು ಮಲಗಿದವ. ನಮ್ಮ ಮನೆಯ ಮಗು ತೋರ ಆಯ್ತು ಅಂದ್ರೆ ಮನೆಯಲ್ಲಿ ಅನ್ನ ಉಂಟು ಅಂತ. ಚೆಂದ ಉಂಟು ಮಗು ಅಂತ. ನಾನು ಖುಷಿಯಲ್ಲಿ ಹೇಳಿದ್ದು!"

"ಗೊತ್ತುಂಟು ಅಜ್ಜ. ನಮ್ಮ ಮನೆಯಲ್ಲೂ ಹಾಗೇ. ಪೆರ್ನಾಲಿಗೆ, ಈದ್ ಹಬ್ಬಕ್ಕೆ ಹೋದ್ರೆ ನನ್ನ ಅತ್ತೆ ಮೊದಲು ನೋಡುವುದು ನನ್ನ ಸೊಂಟ," ಎಂದಳು ರುಕಿಯಾ. ಆ ಹೊತ್ತಿನಲ್ಲೂ ನಮಗೆ ಸ್ವಲ್ಪ ನಗು ಬಂತು. "ನೀವು ಪ್ರೀತಿಯಿಂದಲೇ ಹೇಳಿದ್ದು. ಆದ್ರೆ ಅವಳಿಗೆ ಕೇಳಿಸಿದ್ದು ಹಾಸ್ಟೆಲಿನ ಮಾತು. ಒಂದೇ ಮಾತು, ನೀವು ಒಂದು ಅರ್ಥದಲ್ಲಿ ಹೇಳಿದ್ರಿ, ಅವಳು ಬೇರೆ ಅರ್ಥದಲ್ಲಿ ಕೇಳಿದಳು. ನಿಮ್ಮೊಬ್ಬರಿಂದಲೇ ಆಯ್ತು ಅಂತ ನಾನು ಹೇಳುವುದಿಲ್ಲ. ಈ ಕಾಯಿಲೆಗೆ ಕಾರಣ ಒಂದೇ ಇರುವುದಿಲ್ಲ."

"ಕಾಯಿಲೆ ಅಂತೀಯಲ್ಲ, ಮರ್ಲಾ ಇದು?" ಎಂದರು ಅಜ್ಜ. ಈ ಸಲ ಸಿಟ್ಟಿನಲ್ಲಿ ಅಲ್ಲ, ಹೆದರಿಕೆಯಲ್ಲಿ.

"ಅಲ್ಲ ಅಜ್ಜ. ಕೆಲವರಿಗೆ ನೀರು ಕಂಡ್ರೆ ಹೆದರಿಕೆ, ಕೆಲವರಿಗೆ ಕತ್ತಲೆ ಕಂಡ್ರೆ. ಇವಳಿಗೆ ಊಟ ಕಂಡ್ರೆ ಹೆದರಿಕೆ. ನೀರಿಗೆ ಹೆದರುವವ ಹೊಳೆಯಿಂದ ದೂರ ಇರಬಹುದು. ಊಟದಿಂದ ದೂರ ಇದ್ದು ಬದುಕ್ಲಿಕ್ಕೆ ಆಗ್ತದಾ? ಅದಕ್ಕೇ ಮದ್ದು ಬೇಕು. ವಾಸಿಯಾಗ್ತದೆ. ನಿಧಾನ ಆಗ್ತದೆ, ಆದ್ರೆ ಆಗ್ತದೆ."

"ಸಪೂರ ಇದ್ದವರಿಗೆ ಮಾತ್ರ ಬರುವ ಕಾಯಿಲೆಯಾ ಇದು?" ನಾನು ಕೇಳಿದೆ.

"ಯಾರಿಗೂ ಬರಬಹುದು ಶಶಿಯಕ್ಕ. ತೋರ ಇರುವವರಿಗೂ, ಗಂಡು ಮಕ್ಕಳಿಗೂ. ಕೆಲವರು ತಿನ್ನುವುದೇ ಇಲ್ಲ. ಕೆಲವರು ಅಡಗಿ ಕೂತು ಕೈ ನಿಲ್ಲಿಸ್ಲಿಕ್ಕೆ ಆಗದೆ ತಿಂದು, ಆಮೇಲೆ ಅಳ್ತಾರೆ. ಹೊರಗಿನಿಂದ ಮೈ ನೋಡಿ ಗೊತ್ತಾಗುವುದಿಲ್ಲ. ಹಬ್ಬ ಬಂದ್ರೆ ಇಂಥ ಮಕ್ಕಳಿಗೆ ಎದೆ ಡವಡವ ಅಂತದೆ. ತಿನ್ನುವುದು ಜಾಸ್ತಿ, ನೋಡುವವರೂ ಜಾಸ್ತಿ."

"ಹಾಗಾದ್ರೆ ಪುದ್ವಾರೇ ಬೇಡ ಈ ವರ್ಷ," ಎಂದರು ಅಜ್ಜ.

"ಬೇಡ ಅಂತ ಮಾಡಿದ್ರೆ ನನ್ನಿಂದಾಗಿ ಹಬ್ಬ ನಿಂತಿತು ಅಂತ ಅವಳು ಕೊರಗ್ತಾಳೆ. ಮಾಡುವ. ಡಾಕ್ಟ್ರು ಮನೆಗೆ ಕಳಿಸಿದ ಮೇಲೆ, ದೀಪಾವಳಿಯ ಒಳಗೆ ಒಂದು ಒಳ್ಳೆ ದಿನ ನೋಡಿ. ಜನ ಕಡಿಮೆ ಇರಲಿ. ಯಾರೂ ಯಾರ ಮೈ ಬಗ್ಗೆಯೂ ಮಾತಾಡ್ಬೇಡಿ. ತೋರ ಬೇಡ, ಸಪೂರವೂ ಬೇಡ. ಸಪೂರ ಆದೆ ಅಂತ ಮರುಕ ಪಟ್ರೂ ಕಷ್ಟ, ಅವಳ ಹೆದರಿಕೆಗೆ ಅದು ಹೊಗಳಿಕೆ ಅಂತ ಕೇಳ್ತದೆ."

ರುಕಿಯಾ ಪದ್ಮಾಕ್ಷಿಯ ಕಡೆ ತಿರುಗಿದಳು. "ನಿನಗೊಂದು ಮಾತು ಮಾರಾಯ್ತಿ. ನೀನು ಎರಡು ಹೋಳಿಗೆ ತಿಂದ್ರೆ ಏನು ಹೇಳ್ತಿ?"

"ನಾಳೆ ಉಪವಾಸ ಕೂರ್ಬೇಕು ಅಂತೇನೆ," ಎಂದಳು ಪದ್ಮಾಕ್ಷಿ. ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಬಾಯಿಗೆ ಕೈ ಇಟ್ಟುಕೊಂಡಳು.

"ದೇವರಿಗೆ ಉಪವಾಸ ಬೇರೆ. ತಿಂದದ್ದಕ್ಕೆ ಶಿಕ್ಷೆ ಅಂತ ಉಪವಾಸ ಬೇರೆ. ಹೋಳಿಗೆ ತಿನ್ನುವುದು ತಪ್ಪು ಮಾಡಿದ ಹಾಗಲ್ಲ. ಹಬ್ಬದ ದಿನವೂ ಬೆಳಗಿನ ತಿಂಡಿ ತಿನ್ನಿ, ಮಧ್ಯಾಹ್ನದ ಊಟಕ್ಕೆ ಅಂತ ಹೊಟ್ಟೆ ಖಾಲಿ ಬಿಡಬೇಡಿ. ತುಂಬ ಹಸಿದು ಕೂತ್ರೆ ಯಾರಿಗೂ ಹಿಡಿತ ಇರುವುದಿಲ್ಲ. ಅವಳಿಗೆ ಎಷ್ಟು ಬಡಿಸ್ಬೇಕು ಅಂತ ಡಾಕ್ಟ್ರು, ಅವಳು, ನೀನು ಮೂರು ಜನ ಮೊದಲೇ ಮಾತಾಡಿ ಇಡಿ. ಎಲೆಗೆ ಬಂದದ್ದು ಅಷ್ಟೇ. ಮೇಲೆ ಒಂದು ಸೌಟು ಹಾಕುವುದಿಲ್ಲ ಅಂತ ಗೊತ್ತಿದ್ರೆ ಅವಳಿಗೆ ಕೂತ್ಕೊಳ್ಲಿಕ್ಕೆ ಧೈರ್ಯ ಬರ್ತದೆ. ಊಟ ಆದ ಮೇಲೆ ಒಬ್ಬಳೇ ಎದ್ದು ಹೋಗ್ಲಿಕ್ಕೆ ಬಿಡಬೇಡ. ಕಾವಲು ಕಾಯುವ ಹಾಗೆ ಅಲ್ಲ, ಹತ್ತಿರ ಕೂತು ಊರಿನ ಸುದ್ದಿ ಹೇಳು."

"ಅವಳು ಉಣ್ಣದಿದ್ರೆ?" ಎಂದಳು ಪದ್ಮಾಕ್ಷಿ.

"ಉಣ್ಣದಿದ್ರೆ ಜಗಳ ಬೇಡ. ನನಗೆ ಫೋನು ಮಾಡು. ಇಲ್ಲಿಗೆ ಕರ್ಕೊಂಡು ಬಾ. ನೀನು ಒಬ್ಬಳೇ ಹೆದರುತ್ತಾ ಕೂರ್ಬೇಡ."

ಹುಡುಗಿಯನ್ನು ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಮಂಗಳೂರಿನ ಮಾನಸಿಕ ತಜ್ಞರಿಗೂ ತೋರಿಸಿ ಬಂದರು. ವಸಂತ ಪ್ರತಿ ಸಲ ಆ ದಿನದ ಟೆಂಪೋ ಬಾಡಿಗೆ ಬಿಟ್ಟು ತಾನೇ ಕರೆದುಕೊಂಡು ಹೋದ. ಮನೆಗೆ ಬಂದ ಮೇಲೂ ಹೆದರಿಕೆ ಹೋಗಿರಲಿಲ್ಲ. ಒಂದು ದಿನ ಗಂಜಿ ಕುಡಿದರೆ ಮರುದಿನ ಬಟ್ಟಲು ದೂಡುತ್ತಿದ್ದಳು. ಪದ್ಮಾಕ್ಷಿ ಬಚ್ಚಲಿನ ಬಾಗಿಲ ಸದ್ದಾದರೆ ಆಗಲೂ ಬೆಚ್ಚುತ್ತಿದ್ದಳು. ಒಂದು ಸಲ ನನ್ನ ಹತ್ತಿರ, "ಶಶಿಯಕ್ಕ, ಇವಳು ಉಳಿತಾಳಾ?" ಎಂದು ಕೇಳಿದಳು. ನಾನು "ಥೂ, ಬಿಡ್ತು ಅನ್ನು," ಎಂದು ಬೈದೆ.

ಕೊನೆಗೆ ಪುದ್ವಾರಿನ ದಿನ ಬಂತು. ನನ್ನನ್ನೂ ಕರೆದಿದ್ದರು. ಹೊರಗಿನವರು ಎಂದರೆ ನಾನು ಮತ್ತು ವಸಂತನ ಅಕ್ಕ, ಇಬ್ಬರೇ. ಒಳಗೆ ಸಾಲಾಗಿ ಬಾಳೆ ಎಲೆ ಹಾಕಿದರು. ಹೊಸ ಅಕ್ಕಿಯ ಅನ್ನ, ಹರಿವೆ ಸಾಂಬಾರು, ಹೀರೆಕಾಯಿ ಪಲ್ಯ, ಪಾಯಸ. ಮೋಕ್ಷಿತಾಳ ಎಲೆಗೆ ಮೊದಲೇ ಮಾತಾಡಿದಷ್ಟನ್ನೇ ಪದ್ಮಾಕ್ಷಿ ಬಡಿಸಿದಳು. ಅಜ್ಜ ಈ ಸಲ ಸೌಟು ಮುಟ್ಟಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು, ಪಾಪ.

ವಸಂತನ ಅಕ್ಕನಿಗೆ ಎಲ್ಲ ಹೇಳಿಯೇ ಕರೆಸಿದ್ದು. ಆದರೂ ಅಭ್ಯಾಸ ಬಿಡುತ್ತದಾ? ಕೂತವಳೇ, "ಅಯ್ಯೋ ಮಗಾ, ಎಷ್ಟು ಸಪೂರ..." ಎಂದು ಶುರು ಮಾಡಿದಳು.

"ಮಳೆಯ ವಿಷಯ ಮಾತಾಡು!" ಎಂದು ಅಜ್ಜ ಗದರಿಸಿದರು.

"ಎಂಥ ಮಳೆ ಅಪ್ಪ?"

"ಯಾವ ಮಳೆಯಾದ್ರೂ ಆಗ್ತದೆ. ಮಳೆಯ ವಿಷಯ ಮಾತಾಡು."

ವಸಂತನಿಗೆ ನಗು ತಡೆಯಲಿಲ್ಲ. ಮೋಕ್ಷಿತಾಳ ತುಟಿಯ ಬದಿಯಲ್ಲೂ ಒಂದು ಚೂರು ನಗು ಬಂದು ಹೋಯಿತು. ಆದರೆ ಎಲೆಯ ಕಡೆ ನೋಡಿದ ಕೂಡಲೇ ಮುಖ ಬಿಳಿಚಿತು.

ಪುದ್ವಾರಿನಲ್ಲಿ ಒಂದು ಕ್ರಮ ಇದೆ. ಮೊದಲ ತುತ್ತು ಎತ್ತುವ ಮೊದಲು ಸಣ್ಣವರು ದೊಡ್ಡವರ ಮುಖ ನೋಡಿ "ಪೊಸತ್ ಉಣ್ಪೆ" ಎನ್ನಬೇಕು. ತುಳುವಿನಲ್ಲಿ ಹೊಸತು ಉಣ್ಣುತ್ತೇನೆ ಎಂದು ಅರ್ಥ. ದೊಡ್ಡವರು "ಉಣ್ಲ", ಅಂದರೆ ಉಣ್ಣು, ಎಂದ ಮೇಲೆಯೇ ಊಟ. ಎಲ್ಲರೂ ಹೇಳಿ ಆಯಿತು. ಉಳಿದದ್ದು ಮೋಕ್ಷಿತಾ ಒಬ್ಬಳು. ಅವಳು ಬಾಯಿ ತೆರೆಯಲಿಲ್ಲ. ಅವಳು ಹೇಳದೆ ನಮ್ಮಲ್ಲಿ ಯಾರೂ ಕೈ ಹಾಕುವ ಹಾಗಿಲ್ಲ. ಅನ್ನದ ಹಬೆ ಆರುತ್ತಾ ಬಂತು. ಪದ್ಮಾಕ್ಷಿಯ ಉಸಿರು ನನಗೆ ಕೇಳಿಸುತ್ತಿತ್ತು. ಈಗ ಎದ್ದು ಓಡುತ್ತಾಳೆ, ಬಚ್ಚಲಿನ ಬಾಗಿಲು ಹಾಕುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ಅಜ್ಜ," ಎಂದಳು ಹುಡುಗಿ. ಸ್ವರ ಕೇಳಿಯೂ ಕೇಳದ ಹಾಗೆ. "ನನಗೆ ಹೆದರಿಕೆ ಆಗ್ತದೆ."

ಇಷ್ಟು ದಿನ ಅವಳು ಹಸಿವಿಲ್ಲ ಎಂದಿದ್ದಳು, ಆಮೇಲೆ ಎಂದಿದ್ದಳು, ಹೊಟ್ಟೆನೋವು ಎಂದಿದ್ದಳು. ಹೆದರಿಕೆ ಎಂದು ನಮ್ಮೆದುರು ಹೇಳಿದ್ದು ಅದೇ ಮೊದಲು.

ಅಜ್ಜನ ಕಣ್ಣಲ್ಲಿ ನೀರು ಬಂತು. "ನನಗೂ ಆಗ್ತದೆ ಮಗಾ," ಎಂದರು. "ಯಾವ ಮಾತು ಆಡಿದ್ರೆ ನಿನಗೆ ನೋವಾಗ್ತದೋ ಅಂತ, ನನಗೆ ಈಗ ಬಾಯಿ ತೆರೆಯಲಿಕ್ಕೇ ಹೆದರಿಕೆ. ನೀನು ಬಿದ್ದ ದಿನದಿಂದ ನನಗೂ ಅನ್ನ ಸರಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ."

ಹುಡುಗಿ ತಲೆ ಎತ್ತಿ ಅಜ್ಜನನ್ನು ನೋಡಿದಳು.

"ಹೆದರಿಕೆ ಹೋಗ್ಲಿ ಅಂತ ಕಾಯುವುದು ಬೇಡ," ಎಂದರು ಅಜ್ಜ. "ಇಬ್ಬರೂ ಹೆದರಿಕೊಂಡೇ ಉಣ್ಣುವ. ಆಗದಾ?"

ಮೋಕ್ಷಿತಾ ಅಳುತ್ತಿದ್ದಳು. ಅಳುತ್ತಲೇ ಕೈ ಮುಂದೆ ಮಾಡಿದಳು. "ಪೊಸತ್ ಉಣ್ಪೆ ಅಜ್ಜ," ಎಂದಳು.

"ಉಣ್ಲ ಮಗಾ."

ಆಮೇಲೆ ನಾವು ಯಾರೂ ಅವಳ ಎಲೆಯನ್ನು ನೋಡಲಿಲ್ಲ. ಎಷ್ಟು ಉಂಡಳು, ಎಷ್ಟು ಬಿಟ್ಟಳು, ನನಗೆ ಗೊತ್ತಿಲ್ಲ, ನಿಮಗೂ ಬೇಡ. ವಸಂತನ ಅಕ್ಕ ಊಟ ಮುಗಿಯುವವರೆಗೆ ಮಳೆಯ ವಿಷಯ ಮಾತಾಡಿದಳು. ಊಟವಾದ ಮೇಲೆ ತಾಯಿ, ಮಗಳು ಜಗಲಿಯಲ್ಲಿ ಕೂತು ಯಾರದೋ ಮದುವೆಯ ಸುದ್ದಿ ಹೇಳಿಕೊಳ್ಳುತ್ತಿದ್ದರು. ಬಚ್ಚಲಿನ ಬಾಗಿಲ ಸದ್ದು ಅಂದು ಕೇಳಲಿಲ್ಲ.

ಹುಡುಗಿ ಪೂರ್ತಿ ವಾಸಿಯಾದಳು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಈಗಲೂ ಸ್ನೇಹ ಕ್ಲಿನಿಕ್ಕಿಗೆ ಹೋಗುತ್ತಾಳೆ. ಈಗಲೂ ಕೆಲವು ದಿನ ಕೆಟ್ಟ ದಿನ. ಆದರೆ ಸ್ವೆಟರ್ ತೆಗೆದಿಟ್ಟಿದ್ದಾಳೆ, ಕಾಲೇಜಿಗೆ ಹೋಗುತ್ತಿದ್ದಾಳೆ. ಇದನ್ನು ಬರೆದು ನಮ್ಮ ಪೇಟೆಯ ಸಂಘದ ಸಭೆಯಲ್ಲಿ ಎಲ್ಲರೆದುರು ಓದಿ ಎಂದು ನನಗೆ ಹೇಳಿದವಳೂ ಅವಳೇ. "ಹೆಸರು ಬದಲಿಸಲಾ?" ಎಂದು ಕೇಳಿದೆ. "ಬೇಡ ಶಶಿ ಆಂಟಿ. ನನ್ನ ಹಾಗೆ ಬಾಗಿಲ ಹಿಂದೆ ನಿಂತಿರುವ ಇನ್ನೊಬ್ಬಳಿಗೆ, ತಾನು ಒಬ್ಬಳೇ ಅಲ್ಲ ಅಂತ ಗೊತ್ತಾಗಲಿ," ಎಂದಳು.

ಅದಕ್ಕೆ ಕೇಳಿ, ಅಕ್ಕಂದಿರೇ, ಅಣ್ಣಂದಿರೇ. ದೀಪಾವಳಿ ಇರಲಿ, ಪೆರ್ನಾಲ್ ಇರಲಿ, ಕ್ರಿಸ್ಮಸ್ ಇರಲಿ, ಮನೆಗೆ ಬಂದ ಮಗುವಿನ ಮೈ ಅಳೆಯಬೇಡಿ. ಬಂದದ್ದು ಖುಷಿಯಾಯಿತು ಎಂದು ಹೇಳಿ, ಅಷ್ಟು ಸಾಕು. ಬೇಡ ಎಂದವರಿಗೆ ಬಡಿಸಬೇಡಿ, ಬೇಕು ಎಂದವರನ್ನು ಆಡಿಕೊಳ್ಳಬೇಡಿ. ಮಗು ಊಟ ಬಚ್ಚಿಡುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಓಡುತ್ತಿದ್ದರೆ, ಹಬ್ಬ ಎಂದರೆ ಮುಖ ಬಿಳಿಚಿಕೊಂಡರೆ, ಬೈಯಬೇಡಿ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ನಾನು ಬೇಡ ಎನ್ನುವುದಿಲ್ಲ, ಆದರೆ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿ ಎಂದು ಕೇಳಿ. ಹೋಗಲು ಧೈರ್ಯ ಬಾರದಿದ್ದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಇದನ್ನು ಕೇಳುತ್ತಿರುವವರಲ್ಲಿ ಊಟಕ್ಕೆ ಹೆದರುವ ಮಗು ಇದ್ದರೆ, ಮಗಾ, ನಿನಗೊಂದು ಮಾತು. ಹಸಿವಿಲ್ಲ ಎಂದು ಹೇಳಬೇಡ. ಹೆದರಿಕೆ ಆಗ್ತದೆ ಎಂದು ಇವತ್ತೇ ಒಬ್ಬರ ಹತ್ತಿರ ಹೇಳು.